ದಿನಕ್ಕೆ ನಾಲ್ಕು ಬೆರಳು

ಮೂರನೇ ಮಹಡಿಯಲ್ಲಿ ಪಿಸು ಎಂದರೆ ಎಲ್ಲರಿಗೂ ಗೊತ್ತು. ಅವಳ ದನಿ ಮಾತ್ರ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮಾತಾಡಿದರೆ ತುಟಿಯಿಂದಾಚೆ ಒಂದು ಗೇಣು ಹೋಗಿ ಮಾತು ನಿಂತುಬಿಡುತ್ತಿತ್ತು. ಅದಕ್ಕೇ ಆ ಹೆಸರು. ಏಳನೇ ತರಗತಿಗೆ ಶಾಲೆ ಬಿಟ್ಟವಳು, ಕೆಳಗಿನ ದರ್ಜಿಯ ಅಂಗಡಿಯಿಂದ ಅಂಗಿಗಳನ್ನು ತಂದು ಮನೆಯಲ್ಲೇ ಕೂತು ಗುಂಡಿ ಹೊಲಿಯುತ್ತಿದ್ದಳು, ಅಂಚು ಮಡಿಸುತ್ತಿದ್ದಳು. ಅವಳ ಕೆಲಸದಲ್ಲಿ ಕೂದಲೆಳೆಯಷ್ಟೂ ಓರೆಕೋರೆ ಇರುವುದಿಲ್ಲ ಎಂದು ಅವಳಮ್ಮ ಓಣಿಯುದ್ದಕ್ಕೂ ಹೇಳಿಕೊಂಡು ಬರುತ್ತಿದ್ದಳು.

ಎರಡು ತಿಂಗಳ ಹಿಂದೆ ವರಾಂಡ ತಿರುಗುವ ಮೂಲೆಯಾಚೆಯ ಕೋಣೆಗೆ ನರ್ಸಮ್ಮ ಬಂದರು. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ನಿವೃತ್ತಿಯ ಬೆನ್ನಿಗೇ ಕಣ್ಣೂ ಹೋಯಿತು. ತಂಗಿ ಕರೆದರೂ ಅವಳ ಮನೆಗೆ ಹೋಗಲಿಲ್ಲ. "ಅಲ್ಲಿ ನನ್ನನ್ನ ಒಂದು ಕುರ್ಚೀಲಿ ಕೂರಿಸಿ ಧೂಳು ಒರೆಸ್ತಾರೆ ಅಷ್ಟೆ" ಎಂದು ನಗುತ್ತಿದ್ದರು.

ಅವರು ಬಂದ ದಿನವೇ ಪಿಸುವಿನ ಅಮ್ಮ ಒಂದು ಬಟ್ಟಲು ಬಿಸಿ ಸಾರು ಕೊಟ್ಟು ಮಗಳನ್ನು ಕಳಿಸಿದಳು. "ಪಕ್ಕದ ಮನೆಯವರು ಹಸಿದಿರೋವಾಗ ನಾವುಂಡ್ರೆ ನಮ್ಮ ನಮಾಜಿಗೆ ಏನು ಬೆಲೆ? ಹೋಗು, ಕೈಲಾಗೋದು ಏನಿದೆಯೋ ಮಾಡಿಕೊಟ್ಟು ಬಾ. ಬಾಯಿ ಬಿಡದೆ ಇದ್ರೂ ಪರವಾಗಿಲ್ಲ, ಕೈಯಾದ್ರೂ ಆಡಿಸು."

ನರ್ಸಮ್ಮ ಕೇಳಿದ ಮೊದಲ ಸಹಾಯ ನಮಾಜಿನ ಚಾಪೆಯದು. "ಕಿಬ್ಲಾ ಯಾವ ಕಡೆ ಅಂತ ನೋಡಿ ಹಾಸಿಬಿಡು ಮಗಳೇ. ಮಡಚೋದು ಬೇಡ, ಅಲ್ಲೇ ಅಂಟಿಸಿಬಿಡು."

ಪಿಸು ತನ್ನ ಮನೆಯಲ್ಲಿ ಚಿಕ್ಕಂದಿನಿಂದ ಕಿಟಕಿಗೆ ಮುಖ ಮಾಡಿ ನಮಾಜ್ ಮಾಡಿದವಳು; ಮೆಕ್ಕಾದ ದಿಕ್ಕೆಂದರೆ ಅವಳಿಗೆ ಕಿಟಕಿಯೇ. ಇಲ್ಲಿಯೂ ಕಿಟಕಿಗೆ ಎದುರಾಗಿ ಚಾಪೆ ಹಾಸಿದಳು. ನಾಲ್ಕು ಮೂಲೆಗೂ ಅಗಲದ ಟೇಪು ಅಂಟಿಸಿದಳು. ತಲೆ ಯಾವ ಕಡೆ ಎಂದು ಬೆರಳಿಗೆ ತಿಳಿಯಲೆಂದು ಮುಂದಿನ ಅಂಚಿಗೆ ದಪ್ಪ ದಾರದಲ್ಲಿ ಸಾಲಾಗಿ ಗಂಟು ಹೊಲಿದಳು. ನರ್ಸಮ್ಮ ಆ ಗಂಟುಗಳನ್ನು ಸವರಿ, ಅವಳ ಕೆನ್ನೆಯನ್ನೂ ಸವರಿದರು.

ಆ ಚಾಪೆ ಕೋಣೆಯ ನಡುಮಧ್ಯ ಇದ್ದುದರಿಂದ ಬರಬರುತ್ತಾ ನರ್ಸಮ್ಮನಿಗೆ ಅದೇ ಕಣ್ಣಾಯಿತು. ಅದರ ಮೇಲೆ ನಿಂತರೆ ಅಂಗಾಲೇ ದಿಕ್ಕು ಹೇಳುತ್ತಿತ್ತು. ಬಲಕ್ಕೆ ಮೂರು ಹೆಜ್ಜೆ ಮಂಚ. ಎಡಕ್ಕೆ ನಾಲ್ಕು ಹೆಜ್ಜೆ ಒಲೆ. ಹಿಂದಕ್ಕೆ ಐದು ಹೆಜ್ಜೆ ಬಾಗಿಲು. "ವಾರ್ಡಿನಲ್ಲಿ ದೀಪ ಹೋದ್ರೂ ಔಷಧಿ ಕೈಗೆ ಸಿಗಬೇಕು. ಅದೇ ಅಭ್ಯಾಸ ಕಣೇ" ಎನ್ನುತ್ತಾ ಒಂದು ಹನಿ ಚೆಲ್ಲದೆ ಚಹಾ ತಂದುಕೊಡುತ್ತಿದ್ದರು. ಮಹಡಿಯ ಹೆಂಗಸರು ಬಾಗಿಲಲ್ಲೇ ನಿಂತು ಮಾತಾಡಿಸಿ, ಮಗಳ ಹೆರಿಗೆಗೆಂದೋ ಗಂಡನ ಕೆಲಸಕ್ಕೆಂದೋ ದುವಾ ಕೇಳಿಕೊಂಡು ಹೋಗುತ್ತಿದ್ದರು. ನಮಾಜಿನ ಹೊತ್ತಿಗೆ ಅವರವರು ಅವರವರ ಮನೆಯಲ್ಲಿ. ಚಾಪೆಯನ್ನು ಯಾರೂ ಕಣ್ಣಿಟ್ಟು ನೋಡಲಿಲ್ಲ.

ಪಿಸು ನೋಡಿದ್ದು ನಲವತ್ತು ದಿನ ಕಳೆದ ಮೇಲೆ, ಅದೂ ಮೇಲಿನಿಂದ. ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಬೀದಿಯ ಕೊನೆಯ ಮಸೀದಿ ಅಲ್ಲಿಂದ ಪೂರ್ತಿ ಕಾಣುತ್ತದೆ. ಇಮಾಮರು ನಿಲ್ಲುವ ಜಾಗ ಮುಂದಿನ ಗೋಡೆಯಿಂದ ಕಿಬ್ಲಾದ ಕಡೆಗೆ ಹೊರಗೆ ಉಬ್ಬಿಕೊಂಡಿರುತ್ತದಲ್ಲ, ಅದನ್ನು ಸುಮ್ಮನೆ ನೋಡಿದಳು. ಆಮೇಲೆ ಬಗ್ಗಿ ತನ್ನ ಮನೆಯ ಕಿಟಕಿ ನೋಡಿದಳು. ಎರಡೂ ಒಂದೇ ಕಡೆ. ನರ್ಸಮ್ಮನ ಕಿಟಕಿ ಮಾತ್ರ ಕಟ್ಟಡದ ಮೂಲೆ ತಿರುಗಿ ರಸ್ತೆಯ ಕಡೆಗಿತ್ತು. ಎದುರಿನ ಎತ್ತರದ ಕಟ್ಟಡದಿಂದಾಗಿ ಆ ಕೋಣೆಗೆ ಬಿಸಿಲೇ ಬೀಳುತ್ತಿರಲಿಲ್ಲ. ಕೆನ್ನೆಗೆ ತಾಗುವ ಬಿಸಿಲಿನಿಂದಲಾದರೂ ನರ್ಸಮ್ಮನಿಗೆ ತಿಳಿಯುವ ಹಾಗಿರಲಿಲ್ಲ. ಪಿಸುವಿನ ಕೈಯಲ್ಲಿದ್ದ ಒದ್ದೆ ದುಪಟ್ಟಾದಿಂದ ನೀರು ಪಾದದ ಮೇಲೆ ತೊಟ್ಟಿಕ್ಕುತ್ತಲೇ ಇತ್ತು.

ನಲವತ್ತು ದಿನ. ದಿನಕ್ಕೆ ಐದು ಹೊತ್ತು. ಆ ಮುದುಕಿ ರಸ್ತೆಗೆ ಮುಖ ಮಾಡಿ ನಿಂತಿದ್ದಾರೆ, ತನ್ನನ್ನು ನಂಬಿ.

ಹೋಗಿ ಹೇಳಿಬಿಡಬೇಕು ಎಂದು ಮೆಟ್ಟಿಲಿಳಿದಳು. ಮೂಲೆಯವರೆಗೂ ಹೋದಳು. ನರ್ಸಮ್ಮ ಯಾರಿಗೋ, "ಈ ಹುಡುಗಿ ಇಲ್ದಿದ್ರೆ ನಾನು ಯಾವ ಕಡೆ ತಿರುಗ್ತಿದ್ನೋ ಏನೋ" ಎನ್ನುತ್ತಿದ್ದುದು ಕೇಳಿಸಿತು. ಪಿಸು ಹೋದ ದಾರಿಯಲ್ಲೇ ವಾಪಸ್ಸಾದಳು.

ಆಗ ಹೊಳೆದದ್ದು ದರ್ಜಿಯ ಮಾತು. ಓರೆ ಬಿದ್ದ ಹೊಲಿಗೆಯನ್ನು ಒಮ್ಮೆಲೇ ಎಳೆಯಬಾರದು, ಬಟ್ಟೆ ಹರಿಯುತ್ತದೆ, ಇಷ್ಟಿಷ್ಟೇ ಸಡಿಲಿಸಿ ಸರಿಮಾಡಬೇಕು ಎಂದು ಅವನು ಮೊದಲ ದಿನವೇ ಕಲಿಸಿದ್ದ. ಚಾಪೆಯನ್ನೂ ಹಾಗೇ ತಿರುಗಿಸಿದರೆ? ದಿನಕ್ಕೆ ನಾಲ್ಕು ಬೆರಳು. ಗಂಟಿನ ಅಂಚು ಕಿಟಕಿಯಿಂದ ಮಂಚದ ಕಡೆಯ ಗೋಡೆಗೆ ಬರಲು ಇಪ್ಪತ್ತೈದು ದಿನ ಸಾಕು. ನರ್ಸಮ್ಮನಿಗೆ ಗೊತ್ತೂ ಆಗುವುದಿಲ್ಲ, ತಾನು ಬಾಯಿ ಬಿಡುವುದೂ ಬೇಡ.

ಬೆಳಿಗ್ಗೆ ನರ್ಸಮ್ಮ ಸ್ನಾನಕ್ಕೆ ಹೋದಾಗ ಕಸ ಗುಡಿಸುವ ನೆಪದಲ್ಲಿ ಪಿಸು ಟೇಪು ಕೀಳುತ್ತಿದ್ದಳು. ನಾಲ್ಕು ಬೆರಳು ಅಳೆದು ಚಾಪೆ ಸರಿಸಿ, ಹೊಸ ಟೇಪು ಒತ್ತಿ, ಪೊರಕೆ ಹಿಡಿದು ನಿಲ್ಲುತ್ತಿದ್ದಳು. ಮನೆಗೆ ಬಂದು ನಮಾಜಿಗೆ ನಿಂತರೆ ಅವಳ ಮುಖ ಸರಿಯಾದ ಕಡೆಗೇ ಇರುತ್ತಿತ್ತು, ಆದರೂ ತಲೆ ಎತ್ತಲು ನಾಚಿಕೆ. "ನಂದು ಬೇಕಾದ್ರೆ ಬಿಟ್ಟುಬಿಡು ಅಲ್ಲಾಹ್, ಅವರದ್ದು ತಗೋ" ಎಂದು ಕೇಳಿಕೊಳ್ಳುತ್ತಿದ್ದಳು.

ಐದನೆಯ ದಿನ ನರ್ಸಮ್ಮನ ಮೊಣಕಾಲಿಗೆ ಕಬ್ಬಿಣದ ಪೆಟ್ಟಿಗೆ ತಾಗಿತು. "ಅಯ್ಯೋ, ನೀನ್ಯಾವಾಗಪ್ಪ ಇಲ್ಲಿಗೆ ಬಂದೆ?" ಎಂದು ಪೆಟ್ಟಿಗೆಯನ್ನೇ ಗದರಿದರು. ಎಂಟನೆಯ ದಿನ ಒಲೆಗೆಂದು ಹೊರಟು ಬೀರುವಿನ ಬಾಗಿಲಿಗೆ ಹಣೆ ಕೊಟ್ಟರು. ಆ ದಿನ ಗದರಲಿಲ್ಲ. ಬೀರುವನ್ನು ಎರಡೂ ಕೈಯಿಂದ ತಡವುತ್ತಾ ಬಹಳ ಹೊತ್ತು ನಿಂತಿದ್ದರು. ಹತ್ತನೆಯ ದಿನ ಚಹಾ ಕೊಡಲಿಲ್ಲ.

ಹನ್ನೊಂದನೆಯ ದಿನ ಪಿಸು ಚಾಪೆ ಸರಿಸಿ ಮುಗಿಸಿ ಪೊರಕೆ ಮೂಲೆಗಿಡುವಷ್ಟರಲ್ಲಿ ನರ್ಸಮ್ಮ ಸ್ನಾನ ಮುಗಿಸಿ ಬಂದು ಮಂಚದ ತುದಿಗೆ ಕೂತರು. ಹಣೆಯ ಮೇಲಿನ ಬುಗುಟು ಇನ್ನೂ ಇಳಿದಿರಲಿಲ್ಲ.

"ಫೋನ್ ತಗೋ ಮಗಳೇ. ನನ್ನ ತಂಗಿಗೆ ಹಚ್ಚು."

"ಯಾಕೆ?" ಪಿಸುವಿನ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಬಂದು ಕರ್ಕೊಂಡು ಹೋಗು ಅಂತ ಹೇಳೋಕೆ." ನರ್ಸಮ್ಮ ಮಡಿಲಲ್ಲಿದ್ದ ಟವೆಲನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. "ವಾರ್ಡಿನಲ್ಲಿ ಎಷ್ಟು ಜನರನ್ನ ನೋಡಿದೀನಿ ಗೊತ್ತಾ? ಮೊದಲು ದಿಕ್ಕು ಮರೆಯುತ್ತೆ. ಬಚ್ಚಲಿಗೆ ಹೊರಟೋರು ಬಾಗಿಲಿಗೆ ಹೋಗಿ ನಿಂತಿರ್ತಾರೆ. ಆಮೇಲೆ ಹೆಸರು ಮರೆಯುತ್ತೆ. ಆಮೇಲೆ ಹೆತ್ತ ಮಕ್ಕಳು. ಕಣ್ಣು ಹೋದಾಗ ನಾನು ಅಳಲಿಲ್ಲ ಕಣೇ, ತಲೆ ನೆಟ್ಟಗಿದೆಯಲ್ಲ ಅಂದ್ಕೊಂಡೆ. ಈಗ ಅದೂ ಹೊರಟಿತು. ಒಲೆ ಹಚ್ಚಿ ಮರೆತು ನಿಮ್ಮೆಲ್ಲರ ಮನೆ ಸುಡೋದಕ್ಕೆ ಮುಂಚೆ ಹೋಗಿಬಿಡ್ತೀನಿ. ಹಚ್ಚು."

ಪಿಸು ಫೋನ್ ತೆಗೆದುಕೊಂಡಳು. ಕೈ ತಾನೇ ತಾನಾಗಿ ಒತ್ತಿತು. ಆಚೆ ಗಂಟೆ ಒಂದು ಸಲ ಬಡಿಯಿತು, ಎರಡು ಸಲ ಬಡಿಯಿತು. "ಹಲೋ? ಅಕ್ಕಾ?" ಎಂದಿತು ಒಂದು ಹೆಣ್ಣು ದನಿ. ನರ್ಸಮ್ಮ ಫೋನಿಗೆ ಕೈ ಚಾಚಿದರು.

"ರಾಂಗ್ ನಂಬರ್!" ಎಂದು ಕೂಗಿ ಪಿಸು ಫೋನ್ ಇಟ್ಟುಬಿಟ್ಟಳು.

ನರ್ಸಮ್ಮನ ಚಾಚಿದ ಕೈ ಹಾಗೇ ಗಾಳಿಯಲ್ಲಿ ನಿಂತಿತು. "ಏನೇ ಅದು? ನನ್ನ ತಂಗಿ ದನಿ ನನಗೆ ಗೊತ್ತಾಗಲ್ವಾ?"

"ನಿಮ್ಮ ತಲೆ ಕೆಟ್ಟಿಲ್ಲ. ಚಾಪೆ... ಚಾಪೆ ತಿರುಗಿಸಿದ್ದು ನಾನು."

"ಏನಂದೆ? ಜೋರಾಗಿ ಹೇಳು."

"ಮೊದಲೇ ತಪ್ಪಾಗಿ ಹಾಸಿದ್ದೆ. ನಮ್ಮನೆ ಕಿಟಕಿ ಥರಾನೇ ಅಂದ್ಕೊಂಡೆ. ಹೇಳೋಕೆ ಹೆದರಿಕೆಯಾಯ್ತು. ನೀವು ಸ್ನಾನಕ್ಕೆ ಹೋದಾಗ ದಿನಾ ನಾಲ್ಕು ಬೆರಳು ತಿರುಗಿಸಿದೆ. ನೀವು ಸರಿಯಾಗೇ ನಡೀತಿದ್ರಿ ನರ್ಸಮ್ಮ. ನೆಲಾನೇ ಸರೀತಿತ್ತು." ಇಷ್ಟು ಉದ್ದದ ಮಾತನ್ನು ಪಿಸು ಆ ವರ್ಷದಲ್ಲೇ ಆಡಿರಲಿಲ್ಲ.

ನರ್ಸಮ್ಮ ಎದ್ದರು. ಚಾಪೆಯ ಬಳಿ ಮೊಣಕಾಲೂರಿ ಕೂತು ಗಂಟಿನ ಅಂಚಿನ ಪಕ್ಕದ ನೆಲವನ್ನು ಬೆರಳ ತುದಿಯಲ್ಲಿ ಸವರಿದರು. ನಾಡಿ ನೋಡುವವರ ಬೆರಳು ಅದು. ಕಿತ್ತ ಟೇಪಿನ ಅಂಟು ನೆಲದ ಮೇಲೆ ಗೆರೆಗೆರೆಯಾಗಿ ಉಳಿದಿತ್ತು. ಒಂದು ಗೆರೆ, ನಾಲ್ಕು ಬೆರಳು ಬಿಟ್ಟು ಇನ್ನೊಂದು, ಮತ್ತೆ ಇನ್ನೊಂದು. ತುಟಿಯಲ್ಲೇ ಎಣಿಸುತ್ತಾ ಹೋದರು.

"ಹನ್ನೊಂದು," ಎಂದರು.

"ಹೌದು, ಹನ್ನೊಂದು ದಿನ."

ನರ್ಸಮ್ಮನ ಭುಜ ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡು ಪಿಸು ಹತ್ತಿರ ಬಂದಳು. ಅಳುವಲ್ಲ. ಮೊದಲು ಮೂಗಿನಲ್ಲಿ, ಆಮೇಲೆ ಗಂಟಲಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನರ್ಸಮ್ಮ ನಕ್ಕರು, ಕೆಮ್ಮು ಬರುವವರೆಗೂ.

"ನನ್ನ ತಲೆ ನೆಟ್ಟಗಿದೆ! ಕೇಳಿದ್ಯಾ? ನೆಟ್ಟಗಿದೆ! ದಿಕ್ಕು ತಪ್ಪಿದ್ದು ನೀನು, ನಾನಲ್ಲ!" ಕಣ್ಣು ಒರೆಸಿಕೊಂಡರು. "ಅಲ್ಹಮ್ದುಲಿಲ್ಲಾಹ್. ಅಲ್ಲ, ಮೊದಲು ಚಾಪೆ ಹಾಸಿದಾಗ ನನ್ನ ಮುಖ ಯಾವ ಕಡೆಗಿತ್ತು?"

"ರಸ್ತೆ ಕಡೆಗೆ. ಎದುರಿಗೆ ಹಲ್ಲಿನ ಡಾಕ್ಟರ ಬೋರ್ಡು."

"ಅದಕ್ಕೇ ಇರಬೇಕು ದವಡೆ ನೋವು ನಿಂತಿದ್ದು." ತಕ್ಷಣ ಕೆನ್ನೆ ಬಡಿದುಕೊಂಡರು. "ತೌಬಾ, ತೌಬಾ. ನಗಬಾರದು." ಮತ್ತೆ ನಗು ಉಕ್ಕಿತು.

ಪಿಸು ನಗಲಿಲ್ಲ. "ನಿಮ್ಮ ನಮಾಜೆಲ್ಲ ಹೋಯ್ತಾ?"

ನರ್ಸಮ್ಮ ನಗು ನಿಲ್ಲಿಸಿ ಅವಳ ದನಿ ಬಂದ ಕಡೆ ತಿರುಗಿದರು. "ಕಾಣದವಳು ನಾನು, ಕೇಳಿ ತಿಳ್ಕೊಂಡು ನಿಂತೆ. ಗೊತ್ತಿಲ್ಲದೆ ಆಗಿದ್ದನ್ನ ಅವನು ಹಿಡಿದು ಕೂರೋದಿಲ್ಲ. ಆದರೆ ಈ ಹನ್ನೊಂದು ದಿನ ನನಗೆ ಗೊತ್ತಿರಲಿಲ್ಲ, ನಿನಗೆ ಗೊತ್ತಿತ್ತು. ಅದನ್ನ ನೀನೇ ಅವನ ಹತ್ರ ಮಾತಾಡ್ಕೋ."

"ನಿಮ್ಮ ಹತ್ರ?"

"ನನಗೆ ಕೋಪ ಬಂದಿದೆ ಕಣೇ. ಮೂರು ದಿನದಿಂದ ನಿದ್ದೆ ಮಾಡಿಲ್ಲ ನಾನು. ತಂಗಿ ಹೆಸರು, ಅವಳ ಮಕ್ಕಳ ಹೆಸರು, ವಾರ್ಡಿನ ನಂಬರು, ಮಂಚದ ನಂಬರು ಎಲ್ಲಾ ಒಂದೊಂದಾಗಿ ಹೇಳ್ಕೊಳ್ತಾ ಕೂತಿದ್ದೆ, ಯಾವುದು ಮೊದಲು ಮರೆಯುತ್ತೆ ಅಂತ." ಹಣೆಯ ಬುಗುಟು ಸವರಿಕೊಂಡರು. "ನಾಳೆವರೆಗೂ ಇರುತ್ತೆ ಈ ಕೋಪ. ನಾಳಿದ್ದು ಚಹಾ ಕೊಡ್ತೀನಿ. ಈಗ ಏಳು, ಚಾಪೆ ಕೀಳು. ನಾಲ್ಕು ಬೆರಳು ಗಿರಳು ಬೇಡ, ಒಂದೇ ಸಲಕ್ಕೆ ತಿರುಗಿಸು."

ಪಿಸು ಟೇಪು ಕಿತ್ತಳು. ಈ ಸಲ ಕಣ್ಣಳತೆಗೆ ಬಿಡಲಿಲ್ಲ. ತಾರಸಿಗೆ ಓಡಿ ಮಸೀದಿಯ ಗೋಡೆ ನೋಡಿ ಬಂದಳು. ವರಾಂಡದ ಅಂಚಿನ ಕಲ್ಲುಸಾಲಿನ ಜೊತೆ ಅಳತೆಪಟ್ಟಿ ಹಿಡಿದು ದಿಕ್ಕನ್ನು ಒಳಕ್ಕೆ ತಂದಳು. ಗಂಟಿನ ಅಂಚು ಮಂಚದ ಕಡೆಯ ಗೋಡೆಗೆ ಮುಖ ಮಾಡಿತು. ನರ್ಸಮ್ಮ ಬರಿಗಾಲಲ್ಲಿ ಹತ್ತಿ ನಿಂತು ಕಾಲ್ಬೆರಳಿಂದ ಗಂಟುಗಳನ್ನು ಒತ್ತಿ ನೋಡಿದರು.

"ಈಗ ಕೋಣೆನೆಲ್ಲ ಹೊಸದಾಗಿ ಕಲೀಬೇಕು. ನಾನು ನಡೀತೀನಿ, ನೀನು ಎಣಿಸು. ಬಾಯೊಳಗಲ್ಲ. ನನಗೆ ನಿನ್ನ ದನೀನೇ ಗೋಡೆ."

"ಒಂದು," ಎಂದಳು ಪಿಸು.

"ಯಾರಿಗೆ ಹೇಳ್ದೆ? ಇರುವೆಗಾ?"

"ಒಂದು!"

"ಹಾಂ."

"ಎರಡು! ಮೂರು! ನಿಲ್ಲಿ, ಮಂಚ! ಈಗ ಚಾಪೆಗೆ ವಾಪಸ್. ಎಡಕ್ಕಲ್ಲ, ಒಲೆ ಈಗ ಹಿಂದೆ ಬಂತು! ಒಂದು! ಎರಡು!"

ವರಾಂಡದಲ್ಲಿ ದಬದಬ ಹೆಜ್ಜೆ ಸದ್ದಾಯಿತು. ಪಿಸುವಿನ ಅಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. "ಏನು ಗಲಾಟೆ? ನರ್ಸಮ್ಮ, ಯಾರು ನಿಮ್ಮ ಮೇಲೆ ಕೂಗಾಡ್ತಿರೋದು?"

"ನಿನ್ನ ಮಗಳು ಕಣಮ್ಮ."

"ನಮ್ಮ ಪಿಸುನಾ? ಸುಮ್ನಿರಿ."

"ಅಮ್ಮ, ದಾರಿಗಡ್ಡ ನಿಲ್ಬೇಡ, ಪಕ್ಕಕ್ಕೆ ಸರಿ!" ಎಂದಳು ಪಿಸು. "ಬಾಗಿಲಿಗೆ ಇನ್ನೂ ಎಣಿಸಿಲ್ಲ."

ಅಮ್ಮ ಬಾಯಿ ತೆರೆದವಳು ಹಾಗೇ ಪಕ್ಕಕ್ಕೆ ಸರಿದಳು. ನರ್ಸಮ್ಮ ಚಾಪೆಗೆ ಮರಳಿ, ಅಂಗಾಲಿಗೆ ಗಂಟು ತಾಗಿಸಿಕೊಂಡು, ಬಾಗಿಲ ಕಡೆ ತಿರುಗಿ, ಒಂದು ಕಾಲೆತ್ತಿ ಕಾದರು.