ಬಿಸಿಯಾಗದೆ ನಿಂತ ಗಾಡಿ

ಪೆಟ್ರೋಲಿನ ವಾಸನೆ, ಮತ್ತೆ ಅದೇ, ಮೂಗಿಗೆ ಅಡರಿ ಗಂಟಲಲ್ಲಿ ಕೂರುವ ವಾಸನೆ, ಅಂದರೆ ಇಂಜಿನ್ನಿನ ಒಳಗೆ ಇನ್ನೂ ಒದ್ದೆಯೇ ಇದೆ, ಬಿಚ್ಚಿದ ಪ್ಲಗ್ಗನ್ನು ಆಕೆ ಶೆಡ್ಡಿನ ಬಾಗಿಲ ಬೆಳಕಿಗೆ ತಿರುಗಿಸಿದಳು, ತುದಿಯಲ್ಲಿ ಒಂದು ಹನಿ ಬೀಳಲೋ ಬೇಡವೋ ಅಂತ ನಿಂತಿದೆ, ನೋಡೇ, ಅಮ್ಮಾವ್ರಿಗೆ ನೆಗಡಿ, ಮೂಗು ಒರೆಸು — ಗಂಡ ಹಾಗೇ ಅನ್ನುತ್ತಿದ್ದದ್ದು, ಈ ಹಳೇ ಕಾರಿಗೆ ಅಮ್ಮಾವ್ರು, ಕಟ್ಟಿಕೊಂಡ ಹೆಂಡತಿಗೆ ಬರೀ ನೋಡೇ. ಅತ್ತಿಗೆ, ಇನ್ನೊಂದ್ಸಲ ಕೀ ತಿರುಗಿಸ್ಲಾ, ಮೈದುನ ಆಗಲೇ ಸೀಟಿನಲ್ಲಿ ಕೂತಾಗಿದೆ, ಬೇಡ ಕಣಪ್ಪ, ಸುಮ್ನಿರು, ನೀನು ತಿರುಗಿಸಿದಷ್ಟೂ ಒಳಗೆ ಪೆಟ್ರೋಲು ತುಂಬ್ಕೊಳ್ಳುತ್ತೆ, ಪ್ರತಿ ಭಾನುವಾರ ಬಂದು ತಿರುಗಿಸಿದ್ದಾನೆ, ಪಾಪ, ಒಳ್ಳೆಯದಕ್ಕೇ, ಹಾಗೆ ತಿರುಗಿಸಿ ತಿರುಗಿಸಿಯೇ ಅಮ್ಮಾವ್ರನ್ನು ಮುಳುಗಿಸಿದ್ದಾನೆ. ಮಧ್ಯಾಹ್ನ ಗುಜರಿಯವನ ಲಾರಿ ಬರುತ್ತದೆ, ಮನೆ ಮಾಲೀಕರಿಗೆ ಶೆಡ್ಡು ಖಾಲಿಯಾಗಬೇಕಂತೆ, ಓಡಿದರೆ ಗಾಡಿ ಆಕೆ ಸೀಟು ಹೊಲಿಯುವ ಅಂಗಡಿಯ ಹಿಂದೆ ನಿಲ್ಲುತ್ತದೆ, ಓಡದಿದ್ದರೆ ಮೂತಿಗೆ ಕೊಕ್ಕೆ ಹಾಕಿ ಎಳೆದುಕೊಂಡು ಹೋಗಿ ಚಪ್ಪಟೆ ಮಾಡುತ್ತಾರೆ, ಆ ಸೀಟಿನ ಸಮೇತ, ಆ ಸೀಟನ್ನು ಹೊಲಿದವಳು ಆಕೆಯೇ, ಗಂಡ ಇಳಿಯುವಾಗ ಬಲತೊಡೆ ಉಜ್ಜಿ ಉಜ್ಜಿ ಅಂಚು ಹರಿಯುತ್ತಿತ್ತು, ಎಷ್ಟು ಸಲ ತೇಪೆ ಹಾಕಿದಳೋ, ಇನ್ನು ಅದು ಹರಿಯುವುದಿಲ್ಲ.

ಪಂಪಿನ ಫ್ಯೂಸ್ ಕಿತ್ತಿದ್ದೀನಿ, ಇನ್ನು ಪೆಟ್ರೋಲು ಬರಲ್ಲ, ಈಗ ತಿರುಗಿಸು — ಪ್ಲಗ್ಗಿಲ್ಲದ ತೂತುಗಳಿಂದ ಒಳಗಿದ್ದದ್ದೆಲ್ಲ ಮಂಜಿನ ಹಾಗೆ ಚಿಮ್ಮಿತು, ಸೀರೆಯ ಮೇಲೆ, ಚಿಮ್ಮಲಿ, ಆಕೆ ಕಣ್ಣು ಮುಚ್ಚಿ ಕಿವಿ ಕೊಟ್ಟಳು, ಫುಸ್ ಫುಸ್ ಫುಸ್, ಎಲ್ಲರ ಇಂಜಿನ್ನಲ್ಲಿ ಪಿಸ್ಟನ್ನು ಮೇಲೆ ಕೆಳಗೆ ಕುಣಿಯುತ್ತೆ ಕಣೇ, ಅಮ್ಮಾವ್ರ ಹೊಟ್ಟೇಲಿ ಮಾತ್ರ ಮೂರು ಮೂಲೆಯ ರೋಟರು, ಕೂತಲ್ಲೇ ಸುತ್ತುತ್ತೆ, ಮಗ್ಗುಲಿಗೊಂದು ಉಸಿರು, ಮೂರು ಉಸಿರೂ ಸಮ ಬಂದ್ರೆ ಆಯಸ್ಸು ಗಟ್ಟಿ, ಅನ್ನುತ್ತಿದ್ದ ಗಂಡ. ಸಮ ಇದೆಯಾ, ಇದೆ, ಇರಬೇಕು, ಒಂದು ತುಸು ಸಣ್ಣಗಿದೆ — ಆಸ್ಪತ್ರೆಯಲ್ಲಿ ಆತನ ಉಸಿರನ್ನೂ ಹೀಗೇ ಕೇಳಿಸಿಕೊಂಡಿದ್ದಳು, ಮಂಚದ ಕಂಬಿಗೆ ಹಣೆ ಒತ್ತಿ, ಒಂದು ದೊಡ್ಡದು, ಒಂದು ಸಣ್ಣದು, ಆಮೇಲೆ ನರ್ಸಮ್ಮ ಬಂದು ಹೊರಗೆ ಕೂತ್ಕೊಳ್ಳಿ ಅಂದಳು. ಒಂದೊಂದು ತೂತಿಗೂ ಒಂದು ಚಮಚ ಎಣ್ಣೆ, ಒಣಗಿದ ಸೀಲುಗಳಿಗೆ ಹಿಡಿತ ಬರಲಿ, ಇದೂ ಆತ ಕಲಿಸಿದ್ದೇ, ಎಣ್ಣೆ ನಿಧಾನವಾಗಿ ಇಳಿಯುತ್ತದೆ, ಹಾಗೇ ಅವತ್ತು ಮನೆಯಿಂದ ಆತನ ಸ್ಟ್ರೆಚರು ಇಳಿಯುತ್ತಿತ್ತು, ಒಂದೊಂದೇ ಮೆಟ್ಟಿಲು, ಗೇಟಿಗೆ ಅಡ್ಡ ಇದೇ ಗಾಡಿ ನಿಂತಿದೆ, ಆಂಬುಲೆನ್ಸಿಗೆ ದಾರಿ ಇಲ್ಲ, ಮೈದುನ ಓಡಿಹೋಗಿ ಕೀ ಹಾಕಿ ಗಾಡಿಯನ್ನು ಗೋಡೆಯ ಪಕ್ಕಕ್ಕೆ ಸರಿಸಿ ಟಪ್ಪನೆ ಆಫ್ ಮಾಡಿದ, ಯಾರಾದರೂ ಅದನ್ನೇ ಮಾಡುತ್ತಿದ್ದರು, ಬೇರೆ ಯಾವ ಗಾಡಿಯಾದರೂ ಅದು ಸರಿಯೇ, ಆದರೆ ಇದನ್ನು ತಣ್ಣಗಿರುವಾಗ ಎಬ್ಬಿಸಿದರೆ ಬಿಸಿಯಾಗುವ ತನಕ ಆಫ್ ಮಾಡುವಂತಿಲ್ಲ, ಮಾಡಿದರೆ ಮತ್ತೆ ಏಳುವುದಿಲ್ಲ, ಸದ್ದು ನಿಂತದ್ದು ಆತನಿಗೆ ಕೇಳಿಸಿತು, ಹೊದಿಕೆಯಿಂದ ಬಲಗೈ ಹೊರಗೆ ಬಂತು, ಹೆಬ್ಬೆರಳೂ ಎರಡು ಬೆರಳೂ ಸೇರಿ ಗಾಳಿಯಲ್ಲಿ ಇಲ್ಲದ ಕೀ ತಿರುಗಿಸಿದವು, ಯಾವ ಕತ್ತೆನೇ ಆಫ್ ಮಾಡಿದ್ದು, ಅಂದ. ಅಷ್ಟೇ. ಮತ್ತೆ ಮಾತಿಲ್ಲ.

ಕೊನೇಲಿ ಏನಂದ, ನಾದಿನಿ ಕೇಳಿದಳು, ಪಕ್ಕದ ಮನೆಯವರೂ ಕೇಳಿದರು, ಈ ಮೈದುನ ಗೋಡೆಗೆ ಒರಗಿ ನಿಂತು ಕೇಳಲೂ ಆಗದೆ ನೋಡುತ್ತಿದ್ದ, ಕತ್ತೆ ಅಂದ್ರು ಅಂತ ಹೇಳಲಿಕ್ಕಾಗುತ್ತದೆಯೇ, ಆಕೆ ಹೇಳಿಬಿಟ್ಟಳು, ತಮ್ಮನ್ನ ನೋಡ್ಕೋ ಅಂದ್ರು ಅಂತ, ಅಷ್ಟು ದೊಡ್ಡ ಆಳು ನೆಲಕ್ಕೆ ಕುಸಿದು ಅತ್ತ, ಆವತ್ತಿನಿಂದ ಭಾನುವಾರ ತಪ್ಪಿಸಿಲ್ಲ, ಅಣ್ಣ ನನ್ನನ್ನೇ ನೆನೆಸ್ಕೊಂಡ ಅಲ್ವಾ ಅತ್ತಿಗೆ ಅನ್ನುತ್ತಾನೆ, ಹೂಂ ಅನ್ನುತ್ತಾಳೆ, ಕೇಳಿದಾಗಲೆಲ್ಲ ಹೂಂ. ಆಕೆಗೆ ಉಳಿದದ್ದು ಕತ್ತೆ ಅನ್ನುವ ಮಾತು ಒಂದೇ, ಅದನ್ನೂ ಯಾರ ಮುಂದೆಯೂ ಆಡಿ ಅಳುವಂತಿಲ್ಲ. ಪ್ಲಗ್ಗು ಒಣಗಿದವು, ಕೂತವು, ಫ್ಯೂಸು ಸಿಕ್ಕಿಸಿದಳು, ಜರುಗು ಆ ಕಡೆ, ಈ ಸಲ ನಾನು ಕೂರ್ತೀನಿ, ನಾನು ನೋಡ್ಕೊಳ್ತೀನಿ ಬಿಡಿ ಅತ್ತಿಗೆ, ಜರುಗು ಅಂದ್ನಲ್ಲ, ಅವನು ಪಕ್ಕದ ಸೀಟಿಗೆ ಜರುಗಿದ, ಸೀಟಿನ ತಗ್ಗು ಆಕೆಗೆ ತೀರಾ ದೊಡ್ಡದು. ಕೀ. ಬಾ ಅಮ್ಮ, ಕೋಪ ಸಾಕು, ಬಾ — ಗರ ಗರ, ಇಲ್ಲ, ಗರ ಗರ, ಒಂದು ಕೆಮ್ಮು, ಇಲ್ಲ, ಬ್ಯಾಟರಿ ಸೋಲುತ್ತಿದೆ, ಇನ್ನೊಂದು ಕೆಮ್ಮು, ಆಮೇಲೆ ಇಡೀ ಶೆಡ್ಡು ಬಿಳಿ ಹೊಗೆ, ಆ ಸದ್ದು, ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಆ ಸದ್ದು, ಎದೆಯೊಳಗೆಲ್ಲ ಅದೇ, ಬಂತು ಅತ್ತಿಗೆ ಬಂತು, ಮೈದುನ ಕೆಮ್ಮುತ್ತಾ ನಗುತ್ತಾ ಸಾಕು ಹೊಗೆ ಅಂತ ಕೀಗೆ ಕೈ ಹಾಕಿದ.

ಬೇಡ! ಅವನ ಮಣಿಕಟ್ಟು ಹಿಡಿದೇಬಿಟ್ಟಳು. ಬಿಸಿ ಆಗ್ಲಿ. ಈಗ ಆಫ್ ಮಾಡಿದ್ರೆ ಮತ್ತೆ ಏಳಲ್ಲ. ನಗು ಅವನ ಮುಖದಲ್ಲೇ ನಿಂತಿತು, ಕೀ ನೋಡಿದ, ತನ್ನ ಕೈ ನೋಡಿದ, ಹೊಗೆಯಾಚೆ ಗೇಟಿನ ಪಕ್ಕದ ಗೋಡೆ ನೋಡಿದ, ಅತ್ತಿಗೆ, ಅವತ್ತು ನಾನು... ಅಣ್ಣ ನಿಜವಾಗ್ಲೂ ಏನಂದ — ಆಕೆ ಆಕ್ಸಲರೇಟರು ಒತ್ತಿದಳು, ಇನ್ನೂ ಒತ್ತಿದಳು, ಆ ಸದ್ದಿನಲ್ಲಿ ಮಾತು ಮುಳುಗಿ ಅವನ ತುಟಿಯಷ್ಟೇ ಅಲ್ಲಾಡುತ್ತಿತ್ತು, ಹಿಡಿದ ಮಣಿಕಟ್ಟು ಬಿಡಲಿಲ್ಲ, ಅಣ್ಣನದೇ ಮಣಿಕಟ್ಟು, ಅದೇ ಮೂಳೆ, ಅದೇ ರೋಮ, ಅವತ್ತು ಹೊದಿಕೆಯಿಂದ ಹೊರಗೆ ಬಂದ ಕೈ, ಹೆಬ್ಬೆರಳು, ಎರಡು ಬೆರಳು, ಗಾಳಿಯಲ್ಲಿ, ಇಲ್ಲದ ಕೀ, ತಿರುಗಿಸುತ್ತಿರುವ ಕೈ