ಮುಂದಿನ ಏಟು

"ಅಳಬೇಕು ನೋಡು ಮಾನಿ. ಎಲ್ಲಾರಿಗಿ ಕಾಣೂಹಂಗ ಅಳಬೇಕು. ಅಳಲಿಲ್ಲಂದ್ರ ಮನಿಗಿ ಹ್ವಾದಮ್ಯಾಲ ನಾನೇ ಅಳಸ್ತೀನಿ."

ಚಂದ್ರಾಮ ಹೆಂಡತಿಯ ಕಿವಿಯಲ್ಲಿ ಇಷ್ಟು ಹೇಳಿ, ಇಸ್ತ್ರಿ ಹಾಕಿದ ಅಂಗಿಯ ಕಾಲರ್ ಎಳೆದುಕೊಂಡು, ಮಹಾದೇವಕ್ಕನ ಮನೆಯಲ್ಲಿದ್ದ ಒಂದೇ ಕುರ್ಚಿಯ ಮೇಲೆ ಹೋಗಿ ಕೂತ. ಬೇರೆ ಭಾನುವಾರವಾಗಿದ್ದರೆ ಅದು ಮಹಾದೇವಕ್ಕನ ಗಂಡ, ಕಿರಾಣಿ ಅಂಗಡಿಯ ವೀರಭದ್ರಪ್ಪನ ಕುರ್ಚಿ. ಇವತ್ತು ಟಿ.ವಿ.ಯಲ್ಲಿ ಸಾಯುವವನು ಚಂದ್ರಾಮ, ಹಾಗಾಗಿ ಮರ್ಯಾದೆಯೂ ಅವನಿಗೇ.

ಮುಂಬಯಿ ಹತ್ತಿರದ ತುರ್ಭೆಯ ಆ ಗಲ್ಲಿಗೆಲ್ಲ ಇದ್ದದ್ದು ಅದೊಂದೇ ಟಿ.ವಿ. ಬೆಳಗಿನ ಹತ್ತು ಗಂಟೆಗೆ ಮಹಾದೇವಕ್ಕನ ಹೊಸ್ತಿಲ ಹೊರಗೆ ನಲವತ್ತು ಜೊತೆ ಚಪ್ಪಲಿ ಒಂದರ ಮೇಲೊಂದು ಬಿದ್ದಿದ್ದವು. ಜನ ಎಷ್ಟು ಬಂದರೂ ಮಹಾದೇವಕ್ಕ ಬೇಡ ಅನ್ನುವವಳಲ್ಲ, ಆದರೆ ಚಪ್ಪಲಿ ಹೊಸ್ತಿಲು ದಾಟಬಾರದು. ದಿನಾ ಲಿಂಗಪೂಜೆ ಮಾಡುವ ಕೈ ಅವಳದು. ಇನ್ನೊಬ್ಬರ ಚಪ್ಪಲಿ ದಾರಿಗೆ ಅಡ್ಡ ಬಂದರೆ ಕಾಲಿನಿಂದಲೂ ಸರಿಸದೆ ಸುತ್ತು ಹಾಕಿ ಹೋಗುತ್ತಿದ್ದಳು. ಅದಕ್ಕೆ ಗಲ್ಲಿಯವರು ಹಿಂದಿನಿಂದ ನಗುತ್ತಿದ್ದರು, ಎದುರಿಗೆ ಯಾರೂ ನಕ್ಕವರಿಲ್ಲ.

ಮಾನಮ್ಮ ಹೆಂಗಸರ ನಡುವೆ ನೆಲದ ಮೇಲೆ ಕೂತು, ಕಣ್ಣೀರು ಬರಲಿ ದೇವರೇ ಎಂದು ಬೇಡಿಕೊಂಡಳು. ಇಷ್ಟು ವರ್ಷ ಬೇಡದೆಯೇ ಬಂದ ಕಣ್ಣೀರು. ಇವತ್ತು ಅದರ ಸುಳಿವೇ ಇಲ್ಲ.

ಈ ಅಳುವ ಕೆಲಸ ಅವಳ ಪಾಲಿಗೆ ಬಂದದ್ದು ಹೀಗೆ. ನಾಲ್ಕು ತಿಂಗಳ ಹಿಂದೆ ಠಾಣೆ ಊರಿನ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಪಕ್ಕದ ಹಳೆಯ ಬಂಗಲೆಯಲ್ಲಿ ಒಂದು ಪತ್ತೇದಾರಿ ಧಾರಾವಾಹಿಯ ಶೂಟಿಂಗ್ ನಡೆದಿತ್ತು. ಹತ್ತಿಯ ಗಂಟು ಹೊರುವುದಕ್ಕೆ ನಿಜವಾದ ಹಮಾಲರೇ ಬೇಕೆಂದು, ಅವರ ಮೇಸ್ತ್ರಿಯಾದ ಮುಕಾದಮ ತುರ್ಭೆಯಿಂದ ಹತ್ತು ಜನರನ್ನು ಟೆಂಪೋದಲ್ಲಿ ತುಂಬಿಕೊಂಡು ಹೋಗಿದ್ದ. ಕತೆ ೧೯೩೮ರದು, ದೊಡ್ಡ ಲಡಾಯಿ ಇನ್ನೂ ಶುರುವಾಗಿರಲಿಲ್ಲ. ಪರದೇಶದ ಗೂಢಚಾರರು ಮುಂಬಯಿ ಬಂದರಿನ ನಕ್ಷೆಯನ್ನು ಹತ್ತಿಯ ಗಂಟಿನಲ್ಲಿ ಅಡಗಿಸಿ ಹಡಗು ಹತ್ತಿಸುತ್ತಾರೆ. ಒಬ್ಬ ಹಮಾಲ ಅದನ್ನು ನೋಡಿಬಿಡುತ್ತಾನೆ. ಅವನನ್ನು ಕೊಲ್ಲುತ್ತಾರೆ. ಹ್ಯಾಟಿನ ಪತ್ತೇದಾರ ಆ ಹೆಣದಿಂದ ಶುರುಮಾಡಿ ಗೂಢಚಾರರ ತನಕ ಹೋಗುತ್ತಾನೆ. ಸಾಯಬೇಕಾದ ನಟ ಅವತ್ತು ಬರಲಿಲ್ಲ. ಡೈರೆಕ್ಟರು ಚಂದ್ರಾಮನ ಕಡೆ ಕೈ ತೋರಿಸಿ, ನೀನೇ ಸಾಯಿ ಅಂದ.

ಬಿಳಿ ಸೂಟು ಹಾಕಿಕೊಂಡಿದ್ದ ಖಳನಾಯಕ ನಿಜವಾಗಿಯೇ ಹೊಡೆದ. ಮುಖದಲ್ಲಿ ಭಯ ಸಾಲದು ಎಂದು ಡೈರೆಕ್ಟರು ಏಳು ಸಲ ಹೊಡೆಸಿದ. ಎಂಟನೆಯ ಸಲಕ್ಕೆ ಭಯ ಬಂತು. ಚಂದ್ರಾಮ ಇದನ್ನು ನಲ್ಲಿಯ ಹತ್ತಿರ, ಪಾನ್‌ಪಟ್ಟಿಯ ಹತ್ತಿರ ನಗುನಗುತ್ತ ಹೇಳಿಕೊಂಡು ತಿರುಗಿದ. ಹೇಳದೆ ಉಳಿದದ್ದು ಅವತ್ತಿನ ಸಂಜೆಯ ಮಾತು. ರೊಟ್ಟಿ ತಣ್ಣಗಾಗಿದೆ ಎಂದು ಅವನು ಮಾನಮ್ಮನ ಮೇಲೆ ಎದ್ದ. ಅವನು ಹೊಡೆಯುವುದು ಹೊಸದಲ್ಲ, ಸಿಕ್ಕಲ್ಲಿ ಸಿಕ್ಕಹಾಗೆ ಹೊಡೆಯುತ್ತಿದ್ದ. ಆ ಸಂಜೆ ಮಾತ್ರ ಏಟುಗಳಿಗೆ ಒಂದು ಕ್ರಮ ಇತ್ತು, ಬಾಯಿಪಾಠ ಒಪ್ಪಿಸಿದ ಹಾಗೆ. ಪಕ್ಕದ ಖೋಲಿಯ ಶ್ರೀಮತಿ, ಉಡುಪಿ ಕಡೆಯವಳು, ತಗಡಿನ ಗೋಡೆಯನ್ನು ಸೌಟಿನಿಂದ ಬಡಿದ ಮೇಲೆ ಅದು ನಿಂತಿತು. ಗಲ್ಲಿಗೆಲ್ಲ ಕೇಳಿಸಿತ್ತು. ತಗಡಿನ ಮನೆಗಳಲ್ಲಿ ಕೇಳಿಸದೆ ಇರುತ್ತದೆಯೇ? ಬೆಳಿಗ್ಗೆ ನಲ್ಲಿಯ ಹತ್ತಿರ ಎಲ್ಲರೂ ಮಾನಮ್ಮನ ಊದಿದ ಮುಖ ನೋಡಿ, ನೀರು ಬಂತೇನು ಎಂದಷ್ಟೇ ಕೇಳಿದರು.

ಆಮೇಲೆ ಒಂದು ದಿನ ಗೋದಾಮಿನಲ್ಲಿ ಸಕ್ಕರೆಯ ಚೀಲ ಜಾರಿ ಚಂದ್ರಾಮನ ಪಾದ ಜಜ್ಜಿತು. ಮತ್ತೊಂದು ದಿನ ಲಾರಿ ಹಿಂದಕ್ಕೆ ಬಂದು ಗೋಡೆಗೆ ಒತ್ತಿಯೇಬಿಡುತ್ತಿತ್ತು. ಅವನ ಜೀವ ಹೌಹಾರಿತು. ಹೆಣವಾಗಿ ಮಲಗಿದ್ದೇ ತಪ್ಪಾಯಿತು ಎಂದು ಮಹಾದೇವಕ್ಕನ ಮುಂದೆ ಬಂದು ಕೈಮುಗಿದ.

"ತಲಿಗಿ ಕಾಗಿ ಬಡದ್ರ ಏನ್ ಮಾಡ್ತೀವಿ?" ಎಂದು ಮಹಾದೇವಕ್ಕ ಕೇಳಿದ್ದಳು. "ಸತ್ತಾನಂತ ಸುಳ್ಳ ಸುದ್ದಿ ಕಳಸ್ತೀವಿ. ಹತ್ತಿರದ ಹೆಣ್ಮಕ್ಕಳು ಕೇಳಿ ಅತ್ರಂದ್ರ ದೋಷ ಕಳೀತು. ಇದೂ ಹಂಗ ಅಂತ ತಿಳಕೊ. ನೀ ಟಿ.ವಿ.ಯಾಗ ಸಾಯೂದನ್ನ ನೋಡಿ ನಿನ್ನ ಹೇಣ್ತಿ ಬಾಯ್ತುಂಬ ಅಳ್ಳಿ. ನೂರು ವರ್ಷ ಬದಕ್ತೀ."

ಅವತ್ತಿನಿಂದ ಚಂದ್ರಾಮ ಮಾನಮ್ಮನ ಕಣ್ಣೀರನ್ನೇ ನಂಬಿಕೊಂಡು ಬದುಕಿದ್ದ.

ವೀರಭದ್ರಪ್ಪ ಮಾಳಿಗೆಯ ಏಣಿಯಿಂದ ಆಂಟೆನಾ ತಿರುಗಿಸಿ ಇಳಿದು ಬಂದ. ಕಪ್ಪು ಬಿಳುಪು ಪರದೆಯ ಮೇಲೆ ಉದ್ದ ಕೋಟಿನ ಪತ್ತೇದಾರ ಕಾಣಿಸಿಕೊಂಡ. "ಈ ಸೆಕೆಗೆ ಅವನಿಗೆ ಎಂತ ಕೋಟು ಮಾರಾಯ್ತಿ!" ಎಂದು ಶ್ರೀಮತಿ ಅಂದಳು, ಹೆಂಗಸರು ನಕ್ಕರು. ಬಂದರು ಬಂತು, ಹತ್ತಿಯ ಗಂಟು ಬಂತು, ಗಂಟು ಹೊತ್ತ ಚಂದ್ರಾಮ ಬಂದ. ಮನೆ ಹಾರಿಹೋಗುವಷ್ಟು ಸಿಳ್ಳೆ ಬಿತ್ತು. ಚಂದ್ರಾಮ ಕುರ್ಚಿಯಿಂದಲೇ ಎಲ್ಲರಿಗೂ ಕೈ ಎತ್ತಿ ತೋರಿಸಿದ.

ಗೋದಾಮಿನ ಬಾಗಿಲು ಮುಚ್ಚಿತು. ಬಿಳಿ ಸೂಟಿನವನು ಹಿಂಗೈಯಿಂದ ಹಮಾಲನ ಎಡಗೆನ್ನೆಗೆ ಬಾರಿಸಿದ. ಉಂಗುರಕ್ಕೆ ತುಟಿ ಸೀಳಿತು.

"ಈಗ ಅಳವ್ವ," ಎಂದು ಮಹಾದೇವಕ್ಕ ಮೊಣಕೈಯಿಂದ ತಿವಿದಳು.

ಮಾನಮ್ಮ ಸತ್ತ ತಾಯಿಯನ್ನು ನೆನೆದಳು. ಹೊಟ್ಟೆಯಲ್ಲಿ ಐದು ತಿಂಗಳಿಗೇ ಹೋದ ಕೂಸನ್ನು ನೆನೆದಳು. ಕಣ್ಣು ಒಣಗಿಯೇ ಇತ್ತು. ಅವಳ ನಾಲಿಗೆ ಮಾತ್ರ ತನ್ನ ಎಡಗಡೆಯ ಹಲ್ಲಿನ ಸಂದಿಯನ್ನು ಹುಡುಕಿತು. ಅಲ್ಲಿದ್ದ ಹಲ್ಲು ನಾಲ್ಕು ತಿಂಗಳ ಹಿಂದೆ ಬಿದ್ದಿತ್ತು.

"ಈಗ ಹಿಂದಿಂದ ತುರುಬ ಹಿಡೀತಾನ," ಅಂದಳು.

"ಗಂಡಸಿಗೆ ಎಂತ ತುರುಬು?" ಎಂದು ಶ್ರೀಮತಿ ನಗುವಷ್ಟರಲ್ಲಿ ಬಿಳಿ ಸೂಟಿನವನು ಹಿಂದೆ ಹೋಗಿ ಹಮಾಲನ ಕೂದಲು ಹಿಡಿದ.

"ಗ್ವಾಡಿಗಿ ಮಾರಿ ಬಡೀತಾನ. ಮೂರ ಸಲ."

ಒಂದು. ಎರಡು. ಮೂರು. ಗೋಡೆಯ ಮೇಲೆ ರಕ್ತ ಕರ್ರಗೆ ಇಳಿಯಿತು. ಸಿಳ್ಳೆ ನಿಂತಿತ್ತು. ಮುಂದೆ ಕೂತಿದ್ದವರು ಪರದೆ ಬಿಟ್ಟು ಹಿಂದಕ್ಕೆ ತಿರುಗಿ ಮಾನಮ್ಮನನ್ನು ನೋಡತೊಡಗಿದರು.

"ಕೆಳಗ ಕೆಡವಿ ಬೆನ್ನಮ್ಯಾಲ ಮೊಣಕಾಲ ಊರ್ತಾನ. ಉಸುರು ಹಿಡೀತದ."

ಹಮಾಲ ಬೋರಲು ಬಿದ್ದ. ಬಿಳಿ ಸೂಟಿನ ಮೊಣಕಾಲು ಅವನ ಬೆನ್ನ ಮೇಲೆ ಊರಿತು.

ಚಂದ್ರಾಮ ಗಟ್ಟಿಯಾಗಿ ನಕ್ಕ. "ನಾನೇ ಹೇಳಿದ್ದೆ ಆಕಿಗಿ. ಸ್ಟೋರಿ ಎಲ್ಲ ಹೇಳಿದ್ದೆ."

"ನಮಗೂ ಹೇಳಿದಿ," ಅಂದಳು ಮಹಾದೇವಕ್ಕ. ಅವಳು ಪರದೆ ನೋಡುತ್ತಿರಲಿಲ್ಲ. "ಹತ್ತ ಸಲ ಹೇಳಿದಿ. ಗ್ವಾಡಿಗಿ ಮೂರ ಸಲ ಅಂತ ಒಮ್ಮೆನೂ ಹೇಳಲಿಲ್ಲ. ಮಾನಮ್ಮ, ನಿನಗ ಹ್ಯಾಂಗ ಗೊತ್ತು?"

ಶ್ರೀಮತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಆ ಸಂಜೆ ತಗಡಿನ ಗೋಡೆ ಮೂರು ಸಲ ನಡುಗಿ, ಅವಳ ಕಡೆಯ ಮೊಳೆಯಲ್ಲಿದ್ದ ಕನ್ನಡಿ ಬಿದ್ದು ಒಡೆದಿತ್ತು.

"ಮುಂದ?" ಎಂದು ಮಹಾದೇವಕ್ಕ ಕೇಳಿದಳು. "ಮುಂದ ಏನ ಮಾಡ್ತಾನ?"

"ಮುಂದ ನನಗ ಗೊತ್ತಿಲ್ರಿ ಯಕ್ಕಾ. ಅರಬಿ ಒಣಗಸೂ ತಂತಿಗಿ ಕೈ ಹಾಕಿದ್ದ. ಅಷ್ಟರಾಗ ಶ್ರೀಮತಿಬಾಯಿ ತಗಡ ಬಡದ್ರು."

ನಲವತ್ತು ಜನ ಒಟ್ಟಿಗೆ ಪರದೆಯ ಕಡೆ ತಿರುಗಿದರು. ಬಿಳಿ ಸೂಟಿನವನು ಹತ್ತಿಯ ಗಂಟಿಗೆ ಬಿಗಿದಿದ್ದ ತಂತಿ ಬಿಚ್ಚಿದ. ಎರಡು ಕೈಗೂ ಒಂದೊಂದು ಸುತ್ತು ಸುತ್ತಿಕೊಂಡ. ಹಮಾಲನ ಕೊರಳಿಗೆ ಹಾಕಿ ಹಿಂದಕ್ಕೆ ಎಳೆದ. ಕಣ್ಣು ಹೊರಗೆ ಬಂತು, ಕಾಲು ಹತ್ತಿಯಲ್ಲಿ ಒದ್ದಾಡಿತು, ನಾಲಿಗೆ ಹಲ್ಲಿಗೆ ಸಿಕ್ಕಿತು. ತಂತಿ ಮತ್ತೆ ಬಿಗಿಯಿತು. ಕಾಲು ನಿಂತಿತು.

ಮಾನಮ್ಮ ತನ್ನ ಕೊರಳನ್ನು ಮುಟ್ಟಿ ನೋಡಿಕೊಂಡಳು. ಇಷ್ಟು ದಿನ ಅವಳಿಗೆ ಗೊತ್ತಿರದಿದ್ದದ್ದು ಕೊನೆಯ ಏಟೊಂದೇ. ಈಗ ಅದನ್ನೂ ನೋಡಿದ್ದಳು. ಭಯ ಅಡಿಯಿಂದ ಮುಡಿಯ ತನಕ ಹತ್ತಿತು.

"ಅಳ ಅಂದ್ರ ಅಳಬೇಕು!" ಚಂದ್ರಾಮ ಕುರ್ಚಿಯಿಂದ ಹಾರಿ ಬಂದ. ಅವನ ಹಿಂಗೈ ಮಾನಮ್ಮನ ಎಡಗೆನ್ನೆಗೆ ಬಿತ್ತು. ಆಮೇಲೆ ಆ ಕೈ ತಾನಾಗಿಯೇ ಹಿಂದಕ್ಕೆ ಹೋಗಿ ತುರುಬು ಹಿಡಿಯಿತು. ಪರದೆಯ ಮೇಲೆ ಪತ್ತೇದಾರ ಬಗ್ಗಿ, ಹೆಣದ ಕೊರಳ ಗುರುತನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದ. ಈ ಮನೆಯಲ್ಲಿ ಭೂತಗನ್ನಡಿ ಬೇಕಾಗಲಿಲ್ಲ.

ವೀರಭದ್ರಪ್ಪನೂ ಇನ್ನಿಬ್ಬರು ಹಮಾಲರೂ ಅವನ ತೋಳು ತಿರುವಿ, ಗೋಡೆಗೆ ಒತ್ತಿ ಹಿಡಿದರು. ಅವನ ಮೂಗಿನಿಂದ ರಕ್ತ ಬಂತು. ಮುಖದ ಮೇಲೆ ಈಗ ಬಂದದ್ದು ಎಂಟನೆಯ ಸಲದ ಭಯ.

"ನೀನೇ ಹೇಳಿದ್ದಿಯಲ್ಲ ಯಕ್ಕಾ! ಆಕಿ ಅಳಲಿಲ್ಲಂದ್ರ ದೋಷ ಹೋಗಂಗಿಲ್ಲಲ್ಲ!"

"ಹೋಗದಿದ್ರ ಇರ್ಲಿ," ಅಂದಳು ಮಹಾದೇವಕ್ಕ.

ಅವನನ್ನು ಹೊರಗೆ ದಬ್ಬಿದರು. ಟಿ.ವಿ. ಆರಿಸಿದ್ದು ಯಾರೆಂದು ಯಾರೂ ಗಮನಿಸಲಿಲ್ಲ. ಗೂಢಚಾರರು ಯಾರು, ನಕ್ಷೆ ಎಲ್ಲಿ ಹೋಯಿತು ಎಂದು ಕೇಳುವ ಮನಸ್ಸೂ ಯಾರಿಗೂ ಇರಲಿಲ್ಲ. ಜನ ಒಬ್ಬೊಬ್ಬರಾಗಿ ಎದ್ದು, ತಮ್ಮ ತಮ್ಮ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದರು. ಶ್ರೀಮತಿ ಹೋಗುವಾಗ ಮಾನಮ್ಮನ ತಲೆ ಸವರಿ, "ನಾನು ಮೊದಲೇ ತಗಡು ಬಡಿಯಬೇಕಿತ್ತು ಮಾರಾಯ್ತಿ, ಮೊದಲನೇ ದಿನವೇ" ಎಂದು ಅತ್ತುಬಿಟ್ಟಳು. ಮಾನಮ್ಮನ ಕಣ್ಣು ಆಗಲೂ ಒಣಗಿಯೇ ಇತ್ತು.

ಹೊಸ್ತಿಲ ಹೊರಗೆ ಕೊನೆಗೆ ಒಂದೇ ಜೊತೆ ಉಳಿಯಿತು, ಬಾರು ಕಿತ್ತು ಪಿನ್ನು ಹಾಕಿದ, ಮಾನಮ್ಮನ ಪ್ಲಾಸ್ಟಿಕ್ ಚಪ್ಪಲಿ. ಚಂದ್ರಾಮ ನಲ್ಲಿಯ ಕಟ್ಟೆಯ ಹತ್ತಿರ ನಿಂತು ಅದನ್ನೇ ನೋಡುತ್ತಿದ್ದ.

"ಏ ಮಾನಿ! ಚಪ್ಪಲಿ ಹಾಕ್ಕೊಂಡು ಸುಮ್ಕ ಬಾ ಹೊರಗ!"

ಬಾಗಿಲಿಗೆ ಮಹಾದೇವಕ್ಕ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಗ್ಗಿ, ಆ ಚಪ್ಪಲಿಗಳನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಹೊಸ್ತಿಲು ದಾಟಿಸಿ ಒಳಗೆ, ತನ್ನ ಹಾಸಿಗೆಯ ಸುರುಳಿಯ ಪಕ್ಕದಲ್ಲಿ ಜೋಡಿಸಿ ಇಟ್ಟು, ಬಾಗಿಲ ಚಿಲಕ ಹಾಕಿದಳು.