ಇಡಿಯಾಗಿ ಬಂದ ಹಾಳೆ

ಈ ಕಥೆಯನ್ನು ವಾಲ್‌ಪೇಪರ್ ಅಂಟಿಸುವ ಕಸುಬಿನ ಮೂವರಿಂದ ಕೇಳಿದ್ದೇನೆ. ಒಬ್ಬರ ಬಾಯಲ್ಲಿ ಹಾಳೆಯ ಮೇಲೆ ಬಳ್ಳಿಯಿದ್ದರೆ ಇನ್ನೊಬ್ಬರ ಬಾಯಲ್ಲಿ ಪಟ್ಟೆಯಿದೆ. ಹಾಳೆಯ ಬೆನ್ನಿನ ವಿಚಾರದಲ್ಲಿ ಮಾತ್ರ ಮೂವರದೂ ಒಂದೇ ಮಾತು.

ಒಂದು ಮನೆಯ ಗಂಡಹೆಂಡಿರಿಗಿದ್ದ ಒಬ್ಬಳೇ ಮಗಳು ಏಳನೆಯ ವರ್ಷದಲ್ಲಿ ಜ್ವರದಿಂದ ತೀರಿಕೊಂಡಳು. ಅವಳ ಕೋಣೆಯ ಸುಣ್ಣದ ಗೋಡೆಯ ತುಂಬ ಅವಳು ಬಿಡಿಸಿದ ಪೆನ್ಸಿಲ್ ಕುದುರೆಗಳು. ಅವು ಕಣ್ಣಿಗೆ ಬಿದ್ದ ದಿನ ತಂದೆಗೆ ಅನ್ನ ಸೇರದು. ಮೇಲೆ ಸುಣ್ಣ ಹೊಡೆಸುತ್ತೇನೆಂದು ಹಟ ಹಿಡಿದ. ತಾಯಿ ಬಿಡಲಿಲ್ಲ. ಸದ್ಯಕ್ಕೆ ವಾಲ್‌ಪೇಪರಿನಿಂದ ಮುಚ್ಚುವುದು, ಮನಸ್ಸು ಗಟ್ಟಿಯಾದ ದಿನ ಕಿತ್ತು ನೋಡುವುದು ಎಂದು ರಾಜಿಯಾಯಿತು.

ಅಂಗಡಿಯವನು ಸುರುಳಿಗಳನ್ನು ಮಗುಚಿ ತೋರಿಸಿದ. "ಮುಖ ನೋಡಿ ಮರುಳಾಗ್ಬೇಡಿ ಅಮ್ಮ, ಬೆನ್ನು ನೋಡಿ. ಇದು ಬರೀ ಕಾಗದ, ನೆನೆಸಿ ಕೆರೀಬೇಕು. ಈ ವಿನೈಲಿಗೆ ಪ್ಲಾಸ್ಟಿಕ್ ಮುಖ, ಒರೆಸೋಕೆ ಸುಲಭ, ಆದ್ರೆ ಕಿತ್ತಾಗ ಹಿಂದಿನ ಕಾಗದ ಗೋಡೆ ಬಿಡಲ್ಲ. ಇದಕ್ಕೆ ನಾರಿನ ಬೆನ್ನು. ಒಣಗಿದ್ದಂಗೇ ಇಡಿಯಾಗಿ ಬರುತ್ತೆ."

"ಚೂರೂ ಉಳಿಯಲ್ವಾ?"

"ಉಳಿದ್ರೆ ನನ್ನ ಹೆಸರೇ ಬದಲಾಯಿಸ್ಕೋತೀನಿ!"

ಗೋಡೆ ಎಂಥದೆಂದು ಅವನು ಕೇಳಲಿಲ್ಲ.

ಅಂಟಿಸಲು ಬಂದ ಕೆಲಸಗಾರ ಗೋಡೆಯ ಅಂಚನ್ನು ಸವರಿದ, ಅಂಗೈ ಬೆಳ್ಳಗಾಯಿತು. "ಸುಣ್ಣ ಪುಡಿ ಏಳ್ತಿದೆ ತಾಯಿ. ಕೆರೆದೇ ಅಂಟಿಸ್ಬೇಕು. ಇಲ್ದಿದ್ರೆ ಅಂಟು ಹಿಡಿಯೋದು ಸುಣ್ಣಾನ, ಗೋಡೇನಲ್ಲ."

"ಕೆರೆಯೋ ಹಾಗಿದ್ರೆ ಈಗಲೇ ಹೊರಡಪ್ಪ."

ಮುಂದೆ ಕಿತ್ತಾಗ ಏನಾಗುವುದೆಂದು ಅವನಿಗೆ ಗೊತ್ತಿತ್ತು. ಅವಳ ಮುಖ ನೋಡಿ ನಾಲಗೆ ಏಳಲಿಲ್ಲ. ಗೋಡೆಗೆ ಕುಂಚ ತಾಗಿಸದೆ ಹಾಳೆಗೇ ಅಂಟು ಬಳಿದು, ಮೂರು ಹಾಳೆ ಹಚ್ಚಿ ಹೋದ.

ನಾಲ್ಕು ವರ್ಷದ ಮೇಲೆ ತಾಯಿ ಅವನಿಗೇ ಹೇಳಿ ಕಳಿಸಿದಳು. ತಂದೆ ಬಾಗಿಲಲ್ಲೇ ನಿಂತ. ಮೂಲೆ ಹಿಡಿದೆಳೆದರೆ ಮೊದಲ ಹಾಳೆ ಅಂಗಡಿಯವನು ಹೇಳಿದಂತೆ ಇಡಿಯಾಗಿಯೇ ಬಂತು, ಸುಣ್ಣವನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು. ಗೋಡೆಯ ಮೇಲೆ ಬರಿಯ ಗಾರೆ ಉಳಿಯಿತು. ತಾಯಿ ಹಾಳೆಯನ್ನು ತಿರುಗಿಸಿದಳು. ಕುದುರೆಗಳು ಸುಣ್ಣಕ್ಕೂ ನಾರಿಗೂ ನಡುವೆ ಅಂಟಿನಲ್ಲಿ ಸಿಕ್ಕಿಕೊಂಡಿದ್ದವು; ಕಾಣುತ್ತಿದ್ದುದು ಸುಣ್ಣದ ಹಿಂಬದಿ. ಉಗುರಿನಿಂದ ಮೆಲ್ಲಗೆ ಬಿಡಿಸಹೋದಳು. ಪುಡಿ ಉದುರಿತು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ತಾಯಿ."

"ಅವತ್ತೇ ಬಾಯಿ ಬಿಡೋಕೆ ಏನಾಗಿತ್ತಯ್ಯಾ ನಿಂಗೆ?" ಎಂದು ಕೂಗಿದವನು ತಂದೆ.

ಪಕ್ಕದ ಹಾಳೆಯ ಅಂಚು ಬೆರಳಗಲ ಎದ್ದಿತ್ತು.

"ಅವೆರಡನ್ನ ಕೀಳ್ಬೇಡ," ಎಂದಳು ತಾಯಿ. "ಅಂಚು ಒತ್ತಿಬಿಡು."

ಅವನು ಅಂಟು ಸವರಿ, ಉಸಿರು ಬಿಗಿಹಿಡಿದು ರೋಲರ್ ಆಡಿಸಿದ. ತಂದೆ ನೆಲಕ್ಕುದುರಿದ ಸುಣ್ಣವನ್ನು ತುಳಿಯದಂತೆ ಕೋಣೆಯನ್ನು ಬಳಸಿ ಬಂದು ಹೆಂಡತಿಯ ಪಕ್ಕ ಕುಳಿತ.